ದುಡ್ಡು ಕೊಟ್ಟವರಿಗೇ ಬೀಗ

ಈ ಅಂಕಣಕ್ಕೆ ಬರುವ ಪ್ರಶ್ನೆಗಳಲ್ಲಿ ಒಂದು ಮಾತ್ರ ಬೇರೆ ಬೇರೆ ವೇಷದಲ್ಲಿ ಮತ್ತೆ ಮತ್ತೆ ಬರುತ್ತಿದೆ. ಲ್ಯಾಪ್‌ಟಾಪ್ ಬದಲಾಯಿಸಿದ ಮೇಲೆ ವೀಣೆಯ ಪ್ಲಗಿನ್ ತೆರೆಯುತ್ತಿಲ್ಲ, ಏನು ಮಾಡಲಿ ಎಂದು ಒಬ್ಬರು ಕೇಳುತ್ತಾರೆ. ಡಾಂಗಲ್ ಕಳೆದುಹೋಯಿತು, ಮತ್ತೆ ಪೂರ್ತಿ ಹಣ ಕಟ್ಟಬೇಕೇ ಎಂದು ಇನ್ನೊಬ್ಬರು. ಹಳೆಯ ಭಾವಗೀತೆಯ ಪ್ರಾಜೆಕ್ಟ್ ತೆರೆದರೆ ಅರ್ಧ ವಾದ್ಯಗಳು ಮೂಕವಾಗಿವೆ ಎಂದು ಮತ್ತೊಬ್ಬರು. ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವ ಹುಡುಗನೊಬ್ಬ ಎಲ್ಲರಿಗಿಂತ ನೇರವಾಗಿ ಕೇಳಿದ: ‘ಸರ್, ದುಡ್ಡು ಕೊಟ್ಟು ತಗೊಂಡವರಿಗೇ ಇಷ್ಟು ಕಾಟ. ಕ್ರ್ಯಾಕ್ ಹಾಕ್ಕೊಂಡವರು ಆರಾಮಾಗಿದ್ದಾರೆ. ನಾನ್ಯಾಕೆ ದುಡ್ಡು ಕೊಡಬೇಕು?’ ಇಂಥ ಪ್ರಶ್ನೆಗೆ ಉಪದೇಶದ ಉತ್ತರ ಕೊಟ್ಟು ಕೈತೊಳೆದುಕೊಳ್ಳುವುದು ಸರಿಯಲ್ಲ. ಅವನ ಮಾತಿನಲ್ಲಿ ಬಹುಪಾಲು ನಿಜ.

ಅಂಗಡಿಯಿಂದ ಒಂದು ಹಾರ್ಮೋನಿಯಂ ತಂದರೆ ಅದು ನಿಮ್ಮದು. ಮಗಳಿಗೆ ಕೊಡಬಹುದು, ಮಾರಬಹುದು, ಅಟ್ಟದ ಮೇಲಿಟ್ಟು ಇಪ್ಪತ್ತು ವರ್ಷದ ನಂತರ ಇಳಿಸಿ ನುಡಿಸಬಹುದು. ಮಾಡಿದವನ ಅಂಗಡಿ ಮುಚ್ಚಿದರೂ ಸ್ವರ ಹೊರಡುತ್ತದೆ. ಸಾಫ್ಟ್‌ವೇರ್ ಹಾಗಲ್ಲ. ಅಲ್ಲಿ ನಾವು ಕೊಳ್ಳುವುದು ಬಳಸುವ ಅನುಮತಿ ಮಾತ್ರ. ಆ ಅನುಮತಿ ಇನ್ನೂ ಊರ್ಜಿತವೇ ಎಂದು ಸಾಫ್ಟ್‌ವೇರ್ ಆಗಾಗ ವಿಚಾರಿಸಿಕೊಳ್ಳುತ್ತಿರುತ್ತದೆ. ಯಾರನ್ನು ವಿಚಾರಿಸುತ್ತದೆ, ಉತ್ತರ ಬಾರದಿದ್ದರೆ ಏನು ಮಾಡುತ್ತದೆ ಎಂಬುದರಲ್ಲೇ ನಮ್ಮ ತಕರಾರೆಲ್ಲ ಇದೆ.

ಸಂಗೀತದವರಿಗೆ ಇದು ಮಿಕ್ಕವರಿಗಿಂತ ಹೆಚ್ಚು ನೋಯುವುದಕ್ಕೆ ಕಾರಣವಿದೆ. ಪತ್ರ ಟೈಪ್ ಮಾಡುವವರಿಗೆ ಒಂದು ಸಾಫ್ಟ್‌ವೇರ್ ಸಾಕು. ಒಂದು ಹಾಡಿನ ಪ್ರಾಜೆಕ್ಟ್‌ನಲ್ಲಿ ಹಾಡನ್ನು ಜೋಡಿಸುವ ಮುಖ್ಯ ಸಾಫ್ಟ್‌ವೇರ್ ಒಂದು ಕಂಪನಿಯದಾದರೆ ತಂಬೂರಿಯ ನಾದ ಮತ್ತೊಂದರದು, ಪಿಟೀಲುಗಳ ಗುಂಪು ಮೂರನೆಯದರದು, ದನಿಗೆ ಗುಂಗು ಕೊಡುವ ರಿವರ್ಬ್ ನಾಲ್ಕನೆಯದರದು. ಒಬ್ಬೊಬ್ಬರದೂ ಒಂದೊಂದು ಬೀಗ. ಇದರ ಜೊತೆಗೆ ತುಂಬ ಜನ ಗಮನಿಸದ ಇನ್ನೊಂದು ಸಂಗತಿ ಇದೆ. ಗಾಯಕರ ದನಿಯನ್ನೋ ಕೊಳಲನ್ನೋ ಮೈಕ್ ಇಟ್ಟು ರೆಕಾರ್ಡ್ ಮಾಡಿದರೆ ಅದು ಧ್ವನಿಯಾಗಿಯೇ ಡಿಸ್ಕ್‌ನಲ್ಲಿ ಉಳಿಯುತ್ತದೆ. ಪ್ಲಗಿನ್ ವಾದ್ಯ ಉಳಿಯುವುದು ಹಾಗಲ್ಲ. ಯಾವ ಸ್ವರ, ಎಷ್ಟು ಹೊತ್ತು, ಎಷ್ಟು ಒತ್ತಿ ನುಡಿಸಿದ್ದು ಎಂಬ ಲೆಕ್ಕವಷ್ಟೇ ಪ್ರಾಜೆಕ್ಟ್ ಫೈಲ್‌ನಲ್ಲಿರುತ್ತದೆ. ನಾದವನ್ನು ಪ್ಲಗಿನ್ ಪ್ರತಿ ಸಲವೂ ಹೊಸದಾಗಿ ಹುಟ್ಟಿಸಬೇಕು. ಪ್ಲಗಿನ್ ತೆರೆಯದಿದ್ದರೆ ಆ ಟ್ರ್ಯಾಕ್‌ನಲ್ಲಿ ಗೀಟುಗಳು ಕಾಣುತ್ತವೆ, ಪರದೆಯ ಮೇಲೆ ಕಡ್ಡಿ ಓಡುತ್ತದೆ, ಸದ್ದು ಮಾತ್ರ ಇಲ್ಲ.

ಈ ಬೀಗಗಳಲ್ಲಿ ಹಳೆಯದು ಡಾಂಗಲ್. 1980ರ ದಶಕದ ಕೊನೆಯಲ್ಲಿ ಯುರೋಪಿನ ಸ್ಟುಡಿಯೋಗಳಲ್ಲಿ ಅಟಾರಿ ಎಸ್‌ಟಿ ಎಂಬ ಕಂಪ್ಯೂಟರ್ ಸಂಗೀತಗಾರರ ನೆಚ್ಚಿನ ಯಂತ್ರವಾಗಿತ್ತು. ಕೀಬೋರ್ಡ್ ಜೋಡಿಸುವ ಮಿಡಿ ಕಿಂಡಿಗಳು ಅದರ ಮೈಯಲ್ಲೇ ಇದ್ದವು. ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿ 1989ರಲ್ಲಿ ಕ್ಯೂಬೇಸ್ ಎಂಬ ಸಂಗೀತದ ಸಾಫ್ಟ್‌ವೇರ್ ಹೊರತಂದಾಗ ಅದರ ಜೊತೆಗೆ ಅಟಾರಿಯ ಕಾರ್ಟ್ರಿಡ್ಜ್ ಕಿಂಡಿಗೆ ಸಿಕ್ಕಿಸುವ ಪುಟ್ಟ ಡಬ್ಬಿಯೊಂದನ್ನೂ ಕೊಡುತ್ತಿದ್ದರು. ಫ್ಲಾಪಿಯನ್ನು ಯಾರು ಬೇಕಾದರೂ ನಕಲು ಮಾಡಬಹುದಿತ್ತು, ಡಬ್ಬಿಯನ್ನು ಮಾಡುವಂತಿರಲಿಲ್ಲ. ಮುಂದೆ ಎಮ್ಯಾಜಿಕ್ ಕಂಪನಿಯ ಲಾಜಿಕ್‌ಗೂ ಡಾಂಗಲ್ ಬಂತು. ಕ್ಯೂಬೇಸ್ ಇ-ಲೈಸೆನ್ಸರ್ ಎಂಬ ಯುಎಸ್‌ಬಿ ಕಡ್ಡಿಗೆ ಬದಲಾಯಿತು. ಪ್ರೊ ಟೂಲ್ಸ್ ಸೇರಿ ಹತ್ತಾರು ಕಂಪನಿಗಳ ಸಾಫ್ಟ್‌ವೇರ್‌ಗಳು ಅಮೆರಿಕದ ಪೇಸ್ ಸಂಸ್ಥೆ ತಯಾರಿಸುವ ಐಲಾಕ್ ಕಡ್ಡಿಯನ್ನು ಹಿಡಿದವು.

ಕಡ್ಡಿಯೊಳಗೆ ನಡೆಯುವುದು ಸರಳ. ಅದರ ಚಿಪ್‌ನಲ್ಲಿ ಒಂದು ಗುಟ್ಟಿನ ಸಂಖ್ಯೆ ಇರುತ್ತದೆ. ಅದು ಎಂದಿಗೂ ಹೊರಬರುವುದಿಲ್ಲ. ಸಾಫ್ಟ್‌ವೇರ್ ಪ್ರತಿ ಸಲವೂ ಹೊಸ ಪ್ರಶ್ನೆ ಕಳಿಸುತ್ತದೆ, ಚಿಪ್ ತನ್ನ ಗುಟ್ಟು ಸೇರಿಸಿ ಲೆಕ್ಕ ಮಾಡಿ ಉತ್ತರ ಕೊಡುತ್ತದೆ. ಉತ್ತರ ಸರಿಯಿದ್ದರೆ ಕೆಲಸ ಮುಂದುವರಿಯುತ್ತದೆ. ಇದನ್ನು ಶುರುವಿನಲ್ಲಿ ಮಾತ್ರವಲ್ಲ, ನಡುನಡುವೆಯೂ ಕೇಳುತ್ತಿರುವುದರಿಂದ ಕಡ್ಡಿ ಕಿತ್ತರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ತಂತ್ರವಾಗಿ ಒಳ್ಳೆಯದೇ. ಸ್ಟುಡಿಯೋದ ಮೇಜಿನ ಹಿಂದೆ ಸಿಕ್ಕಿಸಿಟ್ಟು ಮರೆತುಬಿಡುವವರಿಗೆ ದೂರು ಕಡಿಮೆ. ಊರೂರು ತಿರುಗುವವರ ಪಾಡು ಬೇರೆ. ಈಗಿನ ತೆಳು ಲ್ಯಾಪ್‌ಟಾಪ್‌ನಲ್ಲಿ ಎರಡು ಕಿಂಡಿ. ಒಂದಕ್ಕೆ ಆಡಿಯೋ ಇಂಟರ್‌ಫೇಸ್ ಬೇಕು, ಇನ್ನೊಂದಕ್ಕೆ ಕೀಬೋರ್ಡ್. ಕಡ್ಡಿಗೆ ಜಾಗ ಎಲ್ಲಿ? ಹಬ್ ಹಾಕಬೇಕು. ಗಣೇಶೋತ್ಸವದ ವೇದಿಕೆಯಲ್ಲಿ ಯಾರದೋ ಕಾಲು ವೈರಿಗೆ ತಾಗಿ ಹಬ್ ಅಲುಗಾಡಿದರೆ ಪಿಟೀಲು, ಕೊಳಲು, ತಬಲಾ ಎಲ್ಲವೂ ಒಟ್ಟಿಗೆ ಹೋಗುತ್ತವೆ. ನಮ್ಮ ಕಡೆಯ ಕೀಬೋರ್ಡ್ ಕಲಾವಿದರು ಲ್ಯಾಪ್‌ಟಾಪ್ ನಂಬದೆ ಇಂದಿಗೂ ಭಾರದ ಕೀಬೋರ್ಡ್‌ಗಳನ್ನು ಹೊತ್ತು ತಿರುಗುವುದರ ಹಿಂದೆ ಈ ಭಯವೂ ಇದೆ.

ಕಡ್ಡಿ ಕಳೆದರಂತೂ ಮುಗಿಯಿತು. ಹೆಬ್ಬೆರಳಿನಷ್ಟು ದೊಡ್ಡದಿರುವ ಅದರಲ್ಲಿ ಲಕ್ಷಗಟ್ಟಲೆ ಬೆಲೆಯ ಲೈಸೆನ್ಸ್‌ಗಳಿರಬಹುದು. ಕಡ್ಡಿ ಕಳೆದರೆ, ಕೆಟ್ಟರೆ ತಾತ್ಕಾಲಿಕ ಲೈಸೆನ್ಸ್ ತಕ್ಷಣ ಸಿಗಲೆಂದು ಐಲಾಕ್‌ನವರು ಝೀರೋ ಡೌನ್‌ಟೈಮ್ ಎಂಬ ವಾರ್ಷಿಕ ಶುಲ್ಕದ ಸೌಲಭ್ಯ ಇಟ್ಟಿದ್ದಾರೆ. ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಬೀಗ ಹಾಕಿದ್ದು ಕಂಪನಿಯ ಹಿತಕ್ಕೆ. ಅದು ಕೈಕೊಟ್ಟಾಗ ಆಗುವ ನಷ್ಟಕ್ಕೆ ಗಿರಾಕಿ ವರ್ಷವರ್ಷವೂ ವಿಮೆ ಕಟ್ಟಬೇಕೆನ್ನುವುದು ನ್ಯಾಯವಲ್ಲ. ಕಡ್ಡಿ ಕೈಯಲ್ಲೇ ಇದ್ದರೂ ತೊಂದರೆ ತಪ್ಪಿದ್ದಲ್ಲ ಎಂಬುದಕ್ಕೆ 2013ರ ಜೂನ್ ಸಾಕ್ಷಿ. ಐಲಾಕ್ ಹೊಸ ಲೈಸೆನ್ಸ್ ಮ್ಯಾನೇಜರ್‌ಗೆ ಬದಲಾದಾಗ ವ್ಯವಸ್ಥೆ ಎಡವಿತು. ಹಣ ಕೊಟ್ಟು ವರ್ಷಗಟ್ಟಲೆ ಬಳಸುತ್ತಿದ್ದ ಅನೇಕರು ತಮ್ಮದೇ ಸಾಫ್ಟ್‌ವೇರ್ ತೆರೆಯಲಾಗದೆ ದಿನಗಟ್ಟಲೆ ಕಾಯಬೇಕಾಯಿತು.

ಎರಡನೆಯ ಬಗೆಯ ಬೀಗ ಕಣ್ಣಿಗೆ ಕಾಣುವುದಿಲ್ಲ. ನಿಮ್ಮ ಕಂಪ್ಯೂಟರಿನ ಡಿಸ್ಕ್, ಮದರ್‌ಬೋರ್ಡ್, ನೆಟ್‌ವರ್ಕ್ ಕಾರ್ಡ್ ಮುಂತಾದವುಗಳ ಗುರುತಿನ ಸಂಖ್ಯೆಗಳನ್ನು ಬೆರೆಸಿ ಸಾಫ್ಟ್‌ವೇರ್ ಆ ಯಂತ್ರಕ್ಕೊಂದು ಗುರುತು ಕಟ್ಟುತ್ತದೆ. ಕಂಪನಿಯ ಸರ್ವರ್ ಆ ಗುರುತಿಗೆ ಹೊಂದುವ ಉತ್ತರ ಕಳಿಸಿದರೆ ಸಾಫ್ಟ್‌ವೇರ್ ತೆರೆಯುತ್ತದೆ. ಎರಡೋ ಮೂರೋ ಯಂತ್ರಗಳಿಗೆ ಅವಕಾಶ, ಅದಕ್ಕಿಂತ ಹೆಚ್ಚಿಗೆ ಇಲ್ಲ. ಕೇಳುವುದಕ್ಕೆ ಸರಿಯಾಗಿದೆ. ಆದರೆ ಯಂತ್ರ ಎಂದರೆ ಯಾವುದು? ಒಂದು ಮಳೆಗಾಲದಲ್ಲಿ ಸಿಡಿಲು ಬಡಿದು ನನ್ನ ಕಂಪ್ಯೂಟರಿನ ಮದರ್‌ಬೋರ್ಡ್ ಸುಟ್ಟಿತು. ಅದನ್ನು ಬದಲಾಯಿಸಿ ಹಳೆಯ ಡಿಸ್ಕನ್ನೇ ಹಾಕಿದರೂ ಒಂದು ವಾದ್ಯ ಪ್ಲಗಿನ್ ಇದು ಹೊಸ ಯಂತ್ರ ಎಂದಿತು. ಹಳೆಯ ಯಂತ್ರದಿಂದ ಲೈಸೆನ್ಸ್ ಬಿಡುಗಡೆ ಮಾಡಿ ಎಂಬ ಸೂಚನೆ ಬಂತು. ಸುಟ್ಟು ಕರಕಲಾದ ಬೋರ್ಡಿನಿಂದ ಲೈಸೆನ್ಸನ್ನು ಬಿಡಿಸುವುದು ಹೇಗೆ? ಕಂಪನಿಗೆ ಬರೆದರೆ ಖರೀದಿಯ ರಸೀದಿ ಕಳಿಸಿ ಎಂದರು. ಕಳಿಸಿದೆ. ಬೋರ್ಡ್ ಸುಟ್ಟದ್ದಕ್ಕೆ ಫೋಟೋ ಕಳಿಸಿ ಎಂದರು. ಅದನ್ನೂ ಕಳಿಸಿದೆ. ಕೊನೆಗೆ ಕೊಟ್ಟರು, ಇಲ್ಲವೆನ್ನಲಾರೆ. ಅಷ್ಟರಲ್ಲಿ ಆ ಪ್ಲಗಿನ್ ಬಳಸಿ ನಾನು ಹಾಡು ಮಾಡಿಕೊಡಬೇಕಿದ್ದ ನಾಟಕ ತಂಡದ ಪ್ರದರ್ಶನ ಮುಗಿದೇಹೋಗಿತ್ತು. ಆ ದಿನಗಳಲ್ಲಿ ನನಗಾದ ಬೇಸರಕ್ಕೆ ಕಾರಣ ಕೆಲಸ ತಡವಾದದ್ದಲ್ಲ, ಹಣ ಕೊಟ್ಟವನನ್ನೇ ಕಳ್ಳನಂತೆ ವಿಚಾರಣೆಗೆ ನಿಲ್ಲಿಸಿದ್ದು.

ಈಗ ಕ್ಲೌಡ್ ಲೈಸೆನ್ಸ್ ಎಂಬ ಮಾರ್ಗ ಬಂದಿದೆ. ಕಡ್ಡಿಯೂ ಬೇಡ, ಯಂತ್ರದ ಗುರುತೂ ಬೇಡ, ಆದರೆ ಇಂಟರ್ನೆಟ್ ಬೇಕು. ಐಲಾಕ್ ಕ್ಲೌಡ್‌ನಲ್ಲಿ ಕೆಲಸ ನಡೆಯುವಷ್ಟು ಹೊತ್ತೂ ಸಂಪರ್ಕ ಇರಲೇಬೇಕು. ಬೆಂಗಳೂರಿನಲ್ಲಿ ಕೂತವರಿಗೆ ಅನುಕೂಲವೇ. ಜುಲೈ ತಿಂಗಳಲ್ಲಿ ತೀರ್ಥಹಳ್ಳಿಯ ಆಚೆಯ ಹಳ್ಳಿಯೊಂದರಲ್ಲಿ ಕೂತು ಕೆಲಸ ಮಾಡಿ ನೋಡಿದರೆ ಈ ವ್ಯವಸ್ಥೆ ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದಲ್ಲ ಎಂದು ತಿಳಿಯುತ್ತದೆ.

ಚಂದಾ ಪದ್ಧತಿ ನಾಲ್ಕನೆಯದು. ತಿಂಗಳು ತಿಂಗಳು ಕಟ್ಟುವವರೆಗೆ ಸಾಫ್ಟ್‌ವೇರ್ ನಡೆಯುತ್ತದೆ, ನಿಲ್ಲಿಸಿದರೆ ನಿಲ್ಲುತ್ತದೆ. ಒಂದು ಸಿನಿಮಾದ ಕೆಲಸಕ್ಕೆ ಮೂರು ತಿಂಗಳು ಬೇಕೆನ್ನುವವರಿಗೆ ಇದರಿಂದ ಲಾಭವಿದೆ. ಜೀವನವಿಡೀ ಹಾಡು ಕಟ್ಟುವವರಿಗೆ ಇಲ್ಲ. 2023ರ ಮಾರ್ಚ್ 26ರಂದು ವೇವ್ಸ್ ಕಂಪನಿ ಇನ್ನು ಮುಂದೆ ತನ್ನ ಪ್ಲಗಿನ್‌ಗಳನ್ನು ಮಾರುವುದಿಲ್ಲ, ಚಂದಾದ ಮೇಲಷ್ಟೇ ಕೊಡುತ್ತೇನೆ ಎಂದು ಘೋಷಿಸಿತು. ಮಿಕ್ಸಿಂಗ್ ಮಾಡುವವರಲ್ಲಿ ಆ ಪ್ಲಗಿನ್‌ಗಳನ್ನು ಮುಟ್ಟದವರು ವಿರಳ. ಜಗತ್ತಿನಾದ್ಯಂತ ಸಂಗೀತದವರು ತಿರುಗಿಬಿದ್ದರು. ನಾಲ್ಕು ದಿನದೊಳಗೆ ಕಂಪನಿ ಕ್ಷಮೆ ಕೇಳಿ ಹಳೆಯ ಮಾರಾಟ ಕ್ರಮವನ್ನು ವಾಪಸ್ ತಂದಿತು. ಗಿರಾಕಿಗಳು ಒಟ್ಟಾಗಿ ಬೇಡ ಎಂದರೆ ಕಂಪನಿಗಳಿಗೆ ಕಿವಿ ಕೇಳಿಸುತ್ತದೆ ಎಂಬುದಕ್ಕೆ ನಾನು ಈ ಪ್ರಸಂಗವನ್ನು ಎಲ್ಲರಿಗೂ ಹೇಳುತ್ತಿರುತ್ತೇನೆ. ನಮ್ಮಲ್ಲಿ ಚಂದಾಕ್ಕೆ ಇನ್ನೊಂದು ತೊಡಕೂ ಇತ್ತು. ಕಾರ್ಡಿನಿಂದ ತಾನೇ ತಾನಾಗಿ ಹಣ ಕಡಿತವಾಗುವುದಕ್ಕೆ ರಿಸರ್ವ್ ಬ್ಯಾಂಕ್ 2021ರ ಅಕ್ಟೋಬರ್ 1ರಿಂದ ಹೊಸ ನಿಯಮ ಜಾರಿಗೆ ತಂದಿತು. ಗ್ರಾಹಕರ ರಕ್ಷಣೆಗೆ ಅದು ಬೇಕಿತ್ತು, ಅದರಲ್ಲಿ ಅನುಮಾನವಿಲ್ಲ. ಆದರೆ ಆ ನಿಯಮಕ್ಕೆ ಹೊಂದಿಕೊಳ್ಳದ ವಿದೇಶಿ ಮಾರಾಟಗಾರರ ಕಂತುಗಳು ನಿರಾಕರಣೆಯಾಗತೊಡಗಿದವು. ಖಾತೆಯಲ್ಲಿ ಹಣವಿದೆ, ಕೊಡಲು ಮನಸ್ಸೂ ಇದೆ, ಆದರೂ ಚಂದಾ ರದ್ದು ಎಂಬ ಸ್ಥಿತಿ. ಕಟ್ಟುವುದನ್ನು ನಾವಾಗಿ ನಿಲ್ಲಿಸದಿದ್ದರೂ ಹಾಡಿನ ಪ್ರಾಜೆಕ್ಟ್ ಮುಚ್ಚಿಕೊಳ್ಳಬಹುದು ಎಂದು ಆಗ ಗೊತ್ತಾಯಿತು.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ದೊಡ್ಡ ಆತಂಕ ಬೇರೆಯದೇ. ಇವೆಲ್ಲ ಕಂಪನಿ ಬದುಕಿರುವಾಗಿನ ತೊಂದರೆಗಳು. ಕಂಪನಿಯೋ ಅದರ ಬೀಗದ ವ್ಯವಸ್ಥೆಯೋ ಕಣ್ಮುಚ್ಚಿದರೆ? ಇ-ಲೈಸೆನ್ಸರ್‌ನದು ಹಾಗೇ ಆಯಿತು. ಸ್ಟೈನ್‌ಬರ್ಗ್ 2022ರಲ್ಲಿ ಕ್ಯೂಬೇಸ್ 12ರೊಂದಿಗೆ ಡಾಂಗಲ್ ಕೈಬಿಟ್ಟು, ಖಾತೆಯ ಮೂಲಕ ಮೂರು ಕಂಪ್ಯೂಟರ್‌ಗಳಿಗೆ ಅವಕಾಶ ಕೊಡುವ ಕ್ರಮಕ್ಕೆ ಬಂತು. ಬಳಕೆದಾರರಿಗೆ ಅದರಿಂದ ಉಪಕಾರವೇ ಆಯಿತು. ಆದರೆ 2025ರ ಮೇ 20ಕ್ಕೆ ಹಳೆಯ ಇ-ಲೈಸೆನ್ಸರ್ ಸೇವೆಯನ್ನು ನಿಲ್ಲಿಸಲಾಯಿತು. ಕಡ್ಡಿಯಲ್ಲಿ ಆಗಲೇ ಇರುವ ಲೈಸೆನ್ಸ್, ಕಡ್ಡಿಯೂ ಕಂಪ್ಯೂಟರೂ ಗಟ್ಟಿಯಿರುವಷ್ಟು ದಿನ ನಡೆಯುತ್ತದೆ. ಕಡ್ಡಿ ಮುರಿದರೆ ಬದಲಿ ಇಲ್ಲ. ಕಡ್ಡಿಯಿಲ್ಲದೆ ಕಂಪ್ಯೂಟರಿನಲ್ಲೇ ಇದ್ದ ಲೈಸೆನ್ಸ್‌ಗಳನ್ನು ಇನ್ನೊಂದು ಯಂತ್ರಕ್ಕೆ ಸಾಗಿಸುವ ದಾರಿಯೂ ಇಲ್ಲ. ಹತ್ತು ಹದಿನೈದು ವರ್ಷದ ಕೆಳಗೆ ಕ್ಯೂಬೇಸ್‌ನಲ್ಲಿ ಹಾಡು ಕಟ್ಟಿ, ಮುಂದಿನ ಆವೃತ್ತಿಗಳನ್ನು ಕೊಳ್ಳದೆ ಇದ್ದುದರಲ್ಲೇ ತೃಪ್ತರಾದವರು ನಮ್ಮ ಜಿಲ್ಲಾಕೇಂದ್ರಗಳ ಸಣ್ಣ ಸ್ಟುಡಿಯೋಗಳಲ್ಲಿದ್ದಾರೆ. ದಿವಂಗತರಾದ ಗಾಯಕರ ದನಿ, ಈಗ ನುಡಿಸುವವರೇ ಇಲ್ಲದ ವಾದ್ಯದ ತುಣುಕು ಅವರ ಡಿಸ್ಕ್‌ಗಳಲ್ಲಿದೆ.

ಕಾನೂನಿನಲ್ಲಿ ಇದಕ್ಕೆ ಪರಿಹಾರವೇ ಇಲ್ಲವೆಂದಲ್ಲ. ಅಮೆರಿಕದಲ್ಲಿ ಡಿಜಿಟಲ್ ಬೀಗ ಒಡೆಯುವುದನ್ನು 1998ರ ಕಾಯ್ದೆ ನಿಷೇಧಿಸಿತು. ಆದರೆ ಕೆಟ್ಟುಹೋದ, ಬದಲಿ ಸಿಗದ ಡಾಂಗಲ್‌ಗಳಿಗೆ ಸಿಕ್ಕಿಕೊಂಡ ಸಾಫ್ಟ್‌ವೇರ್‌ಗೆ 2003, 2006 ಮತ್ತು 2010ರಲ್ಲಿ ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ ವಿನಾಯಿತಿ ಕೊಟ್ಟಿತ್ತು. ಬೀಗ ಸತ್ತರೆ ಮನೆಯವನು ಹೊರಗೆ ನಿಲ್ಲಬಾರದು ಎಂಬ ವಿವೇಕ ಅದರಲ್ಲಿ ಕಾಣುತ್ತದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು, ಸಾಫ್ಟ್‌ವೇರನ್ನು ನ್ಯಾಯವಾಗಿ ಹೊಂದಿರುವವರು ಹಾಳಾಗುವುದರಿಂದ ರಕ್ಷಣೆಗೆಂದು ಪ್ರತಿ ಮಾಡಿಟ್ಟುಕೊಳ್ಳಲು ಬಿಡುತ್ತದೆ. ಪ್ರತಿ ಇದ್ದು ಬೀಗದ ಉತ್ತರ ಸಿಗದಿದ್ದರೆ ಆ ಹಕ್ಕು ಕಾಗದದ ಮೇಲೆ ಉಳಿಯುತ್ತದೆ. ಮಾರಾಟ ನಿಲ್ಲಿಸುವ ಕಂಪನಿ ಕೊನೆಯದಾಗಿ ಬೀಗವಿಲ್ಲದ ಒಂದು ಆವೃತ್ತಿಯನ್ನು ಹಳೆಯ ಗಿರಾಕಿಗಳಿಗೆ ಕೊಟ್ಟೇ ಹೋಗಬೇಕು ಎಂಬ ನಿಯಮ ಬರಬೇಕೆಂದು ನಾನು ಬಲವಾಗಿ ನಂಬಿದ್ದೇನೆ. ಕಂಪನಿಗೆ ಅದರಿಂದ ಆಗುವ ನಷ್ಟ ಏನೂ ಇಲ್ಲ.

ಇನ್ನು ಆ ಹುಡುಗನ ಪ್ರಶ್ನೆ. ಕ್ರ್ಯಾಕ್ ಹಾಕಿಕೊಂಡವರು ನಿಜವಾಗಿ ಆರಾಮಾಗಿಲ್ಲ. ಬೀಗ ಒಡೆದ ಪ್ರತಿಯ ಜೊತೆ ಏನೇನು ಸೇರಿ ಬರುತ್ತದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ವೈರಸ್ ನುಗ್ಗಿ ಹಾಡುಗಳೆಲ್ಲ ಹೋದವರನ್ನು ಕಂಡಿದ್ದೇನೆ. ನಮ್ಮ ಕಾಯ್ದೆಯ 63ಬಿ ಕಲಮಿನ ಪ್ರಕಾರ ನಕಲಿ ಸಾಫ್ಟ್‌ವೇರನ್ನು ಗೊತ್ತಿದ್ದೂ ಬಳಸಿದರೆ ಕನಿಷ್ಠ ಏಳು ದಿನದಿಂದ ಮೂರು ವರ್ಷದವರೆಗೆ ಸೆರೆವಾಸವಿದೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡವೂ ಇದೆ. ಇದಕ್ಕಿಂತ ನನಗೆ ಮುಖ್ಯವೆನಿಸುವುದು ಬೇರೆ. ಪ್ಲಗಿನ್ ಮಾಡುವವರಲ್ಲಿ ದೊಡ್ಡ ಕಂಪನಿಗಳಷ್ಟೇ ಇಲ್ಲ. ಇಬ್ಬರೋ ಮೂವರೋ ಸೇರಿ ನಡೆಸುವ ಪುಟ್ಟ ಸಂಸ್ಥೆಗಳು ಬೇಕಾದಷ್ಟಿವೆ. ವಾದಕರನ್ನು ಕರೆಸಿ, ಒಂದೊಂದು ಸ್ವರವನ್ನೂ ಮೆಲ್ಲಗೆ, ಜೋರಾಗಿ, ಮೀಂಡ್ ಸಮೇತ ರೆಕಾರ್ಡ್ ಮಾಡಿ ಜೋಡಿಸುವುದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಅವರೂ ನಮ್ಮ ಹಾಗೆ ಸಂಗೀತವನ್ನೇ ನಂಬಿ ಬದುಕುವವರು. ನಮ್ಮ ಹಾಡನ್ನು ಯಾರೋ ಹೇಳದೆ ಕೇಳದೆ ಎತ್ತಿಕೊಂಡರೆ ಹೊಟ್ಟೆ ಉರಿಯುವುದಾದರೆ ಅವರ ದುಡಿಮೆಯನ್ನು ಎತ್ತಿಕೊಳ್ಳಬಾರದು. ಕಂಪನಿಗಳ ಬೀಗದ ಕ್ರಮವನ್ನು ಟೀಕಿಸುವ ಅಧಿಕಾರ ನಮಗೆ ಇರುವುದೂ ನಾವು ದುಡ್ಡು ಕೊಟ್ಟಿದ್ದರಿಂದಲೇ.

ದುಡ್ಡು ಕೊಡುವುದು ಎಂದರೆ ಯಾರಿಗೆ ಬೇಕಾದರೂ ಕೊಡುವುದು ಎಂದಲ್ಲವಲ್ಲ. ಗಿರಾಕಿಯನ್ನು ನಂಬಿ ವ್ಯಾಪಾರ ಮಾಡುವವರಿದ್ದಾರೆ. ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ನೋಡಿ. ವಿನ್‌ಆ್ಯಂಪ್ ಬರೆದ ಜಸ್ಟಿನ್ ಫ್ರಾಂಕೆಲ್ ಅವರ ಸಂಸ್ಥೆಯದು. 60 ದಿನ ಪೂರ್ತಿ ಸೌಲಭ್ಯಗಳೊಂದಿಗೆ ಬಳಸಬಹುದು. ಆಮೇಲೂ ಅದು ಮುಚ್ಚಿಕೊಳ್ಳುವುದಿಲ್ಲ, ತೆರೆದಾಗ ಹಣ ಕೊಡಿ ಎಂದು ನೆನಪಿಸುತ್ತದೆ, ಅಷ್ಟೆ. ಸಣ್ಣ ಆದಾಯದವರಿಗೆ 60 ಡಾಲರ್. ಡಾಂಗಲ್ ಇಲ್ಲ. ಇಷ್ಟು ವರ್ಷ ಅವರು ನಡೆಸಿಕೊಂಡು ಬಂದಿದ್ದಾರೆ ಎಂದರೆ ನಂಬಿಕೆಯಿಂದಲೂ ಅಂಗಡಿ ನಡೆಯುತ್ತದೆ ಎಂದಾಯಿತು. ಬೆಲ್ಜಿಯಂನ ಇಮೇಜ್-ಲೈನ್ ಕಂಪನಿಯ ಎಫ್‌ಎಲ್ ಸ್ಟುಡಿಯೋ ಒಮ್ಮೆ ಕೊಂಡರೆ ಮುಂದಿನ ಆವೃತ್ತಿಗಳೆಲ್ಲ ಪುಕ್ಕಟೆ. ಆರ್ಡರ್ ಎಂಬುದರ ಮೂಲ ಸಂಕೇತವೇ ಎಲ್ಲರಿಗೂ ತೆರೆದಿದೆ. ಎಮ್ಯಾಜಿಕ್ ಅನ್ನು ಕೊಂಡಿದ್ದ ಆ್ಯಪಲ್ 2007ರಲ್ಲಿ ಲಾಜಿಕ್‌ನ ಡಾಂಗಲ್ ತೆಗೆದುಹಾಕಿತು. ಆಗಲೇ ಬೆಲೆಯನ್ನೂ 999 ಡಾಲರ್‌ನಿಂದ 499ಕ್ಕೆ ಇಳಿಸಿತು. ಅದರಿಂದ ಲಾಜಿಕ್ ಹಾಳಾಗಲಿಲ್ಲ. ಕೊಳ್ಳುವ ಮುನ್ನ ನಾದ ಹೇಗಿದೆ ಎಂದು ಕೇಳುವಷ್ಟೇ ಶ್ರದ್ಧೆಯಿಂದ, ಇಂಟರ್ನೆಟ್ ಇಲ್ಲದೆ ನಡೆಯುತ್ತದೆಯೇ, ಯಂತ್ರ ಸತ್ತರೆ ಲೈಸೆನ್ಸನ್ನು ನಾನೇ ಬಿಡಿಸಿಕೊಳ್ಳಬಹುದೇ, ಬೇಡವಾದರೆ ಇನ್ನೊಬ್ಬರಿಗೆ ಮಾರಬಹುದೇ ಎಂದು ಕಂಪನಿಯನ್ನು ಬರವಣಿಗೆಯಲ್ಲಿ ಕೇಳಿ. ನುಣುಚಿಕೊಳ್ಳುವ ಉತ್ತರ ಬಂದರೆ ಬೇರೆ ಅಂಗಡಿ ನೋಡಿ.

ಯಾವ ಕಂಪನಿಯದೇ ಆಗಲಿ, ಬೀಗದ ಮೇಲೆ ಹಾಡನ್ನು ಬಿಟ್ಟು ಕೂರಬೇಡಿ. ಹಾಡು ಮುಗಿದ ದಿನವೇ ಪ್ರತಿ ಟ್ರ್ಯಾಕನ್ನೂ ಧ್ವನಿಯಾಗಿ ಬರೆಸಿಡಿ. ಎಲ್ಲ ಟ್ರ್ಯಾಕ್‌ಗಳೂ ಹಾಡಿನ ಮೊದಲ ಕ್ಷಣದಿಂದಲೇ ಶುರುವಾಗಬೇಕು. ತಬಲಾ ಎರಡನೇ ನಿಮಿಷಕ್ಕೆ ಬರುವುದಾದರೂ ಮೊದಲ ಎರಡು ನಿಮಿಷದ ಮೌನ ಸಮೇತ. ಆಗ ಮುಂದೆ ಯಾವ ಸಾಫ್ಟ್‌ವೇರ್‌ನಲ್ಲಿ ಹಾಕಿದರೂ ತಾನೇ ಜೋಡಿಕೊಳ್ಳುತ್ತವೆ. 24 ಬಿಟ್ ವೇವ್ ಫೈಲ್ ಸಾಕು. 1991ರಲ್ಲಿ ಬಂದ ಆ ಮಾದರಿಯನ್ನು ಇಂದಿಗೂ ಎಲ್ಲ ಸಾಫ್ಟ್‌ವೇರ್‌ಗಳೂ ತೆರೆಯುತ್ತವೆ, ಯಾವ ಲೈಸೆನ್ಸೂ ಬೇಡ. ಸಾಧ್ಯವಾದರೆ ರಿವರ್ಬ್ ಮುಂತಾದವನ್ನು ಸೇರಿಸಿ ಒಂದು ಸಲ, ಸೇರಿಸದೆ ಒಂದು ಸಲ ಬರೆಸಿ. ಸ್ವರಗಳ ಮಿಡಿ ಫೈಲನ್ನೂ ಜೊತೆಗಿಡಿ. ಶ್ರುತಿ, ಲಯದ ವೇಗ, ಬಳಸಿದ ಪ್ಲಗಿನ್‌ಗಳ ಹೆಸರು, ಆವೃತ್ತಿ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಅದೇ ಫೋಲ್ಡರ್‌ಗೆ ಹಾಕಿ. ಐದು ನಿಮಿಷದ, ಮೂವತ್ತು ಮೊನೊ ಟ್ರ್ಯಾಕಿನ ಹಾಡು 48 ಕಿಲೋಹರ್ಟ್ಸ್‌ನಲ್ಲಿ ಸುಮಾರು 1.3 ಜಿಬಿ ಆಗುತ್ತದೆ. ಈಗಿನ ಡಿಸ್ಕ್‌ಗಳಿಗೆ ಅದು ಭಾರವಲ್ಲ. ಎರಡು ಡಿಸ್ಕ್‌ಗಳಲ್ಲಿಟ್ಟು ಒಂದನ್ನು ಬೇರೆ ಮನೆಯಲ್ಲಿಡಿ.

ಇ-ಲೈಸೆನ್ಸರ್ ಕಡ್ಡಿಯ ಮೇಲೆ ಇನ್ನೂ ಹಳೆಯ ಕ್ಯೂಬೇಸ್ ನಡೆಸುತ್ತಿರುವವರಿಗೆ ವಿಶೇಷವಾಗಿ ಹೇಳುವುದಿದೆ. ಕಡ್ಡಿ ಜೀವಂತವಿದ್ದಾಗಲೇ ಈ ಕೆಲಸ ಶುರುಮಾಡಿ. ಆ ಕಂಪ್ಯೂಟರಿನ ವಿಂಡೋಸ್ ಬದಲಾಯಿಸಲು ಹೋಗಬೇಡಿ, ಕಡ್ಡಿಯನ್ನು ಪದೇಪದೇ ಕಿತ್ತು ಸಿಕ್ಕಿಸಬೇಡಿ. ಮೊದಲು ಇಂದು ನಮ್ಮೊಡನೆ ಇಲ್ಲದವರು ಹಾಡಿರುವ, ನುಡಿಸಿರುವ ಪ್ರಾಜೆಕ್ಟ್‌ಗಳನ್ನು ತೆರೆಯಿರಿ. ಮಿಕ್ಕವನ್ನು ಆಮೇಲೆ ನೋಡಿದರಾಯಿತು.